ಸಾಲಿನಲ್ಲಿ ನಿಂತ ವೈದ್ಯ, ಕೆಲಸದಲ್ಲಿ ಮುಳುಗಿದ ವೈದ್ಯ: ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್

ಶಾಲಾ ವರ್ಷ ಮುಗಿಯುತ್ತ ಬಂದಾಗ ಸೊಲ್ಲಾಪುರ ನಗರದ, ದಕ್ಷಿಣ ಸೊಲ್ಲಾಪುರದ, ಅಕ್ಕಲಕೋಟ ತಾಲೂಕಿನ ನಮ್ಮ ಕನ್ನಡ ಶಾಲೆಗಳ ಅಂಗಳದಲ್ಲಿ ಒಂದು ದೃಶ್ಯವನ್ನು ನಾವೆಲ್ಲ ಕಂಡಿದ್ದೇವೆ. ಎತ್ತರದ ಮಕ್ಕಳು ಹಿಂದೆ ಬೆಂಚಿನ ಮೇಲೆ, ಗಿಡ್ಡ ಮಕ್ಕಳು ಮುಂದೆ ನೆಲದ ಮೇಲೆ, ನಡುವೆ ಕುರ್ಚಿಗಳಲ್ಲಿ ಗುರುಗಳು. ಎಣ್ಣೆ ಹಚ್ಚಿ ಬಾಚಿದ ತಲೆ, ಇಸ್ತ್ರಿ ಮಾಡಿದ ಸಮವಸ್ತ್ರ, ಉಸಿರು ಬಿಗಿಹಿಡಿದ ಮುಖ. ಚಿತ್ರ ತೆಗೆದಾದ ಮರುಕ್ಷಣ ಸಾಲು ಒಡೆಯುತ್ತದೆ. ಒಬ್ಬ ಗೆಳೆಯನ ಹೆಗಲ ಮೇಲೆ ಕೈ ಹಾಕುತ್ತಾನೆ, ಒಬ್ಬಳು ಬಿದ್ದ ರಿಬ್ಬನ್ನು ಹುಡುಕುತ್ತಾಳೆ, ಗುರುಗಳೂ ನಗುತ್ತಾರೆ. ಆ ಎರಡನೆಯ ಕ್ಷಣದ ಚಿತ್ರವನ್ನು ಸಾಮಾನ್ಯವಾಗಿ ಯಾರೂ ತೆಗೆಯುವುದಿಲ್ಲ. ತೆಗೆದರೂ ಗೋಡೆಗೆ ಹಾಕುವುದಿಲ್ಲ.

ಈ ಎರಡು ಕ್ಷಣಗಳ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮ ಊರಿನಲ್ಲಿ ಹುಟ್ಟಿ ದೂರದ ಚೀನಾದಲ್ಲಿ ಕಣ್ಣುಮುಚ್ಚಿದ ಒಬ್ಬ ವೈದ್ಯರ ಜೀವನವನ್ನು ಇಲ್ಲಿ ಹೇಳಹೊರಟಿದ್ದೇವೆ. ಡಾ. ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್ ಅವರ ಹೆಸರನ್ನು ಸೊಲ್ಲಾಪುರದ ಮಕ್ಕಳು ಕೇಳಿಯೇ ಇರುತ್ತಾರೆ. ಭೈಯಾ ಚೌಕದ ಬಳಿಯ ಅವರ ಸ್ಮಾರಕವನ್ನು ಹಲವರು ನೋಡಿಯೂ ಇರುತ್ತಾರೆ. ಆದರೆ ಅವರನ್ನು ನಾವು ಯಾವ ಚಿತ್ರದ ಮೂಲಕ ನೆನೆಯುತ್ತೇವೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ.

ಕೋಟ್ನಿಸ್ ಅವರು 1910ರ ಅಕ್ಟೋಬರ್ 10ರಂದು ಸೊಲ್ಲಾಪುರದ ಮಧ್ಯಮವರ್ಗದ ಕುಟುಂಬವೊಂದರಲ್ಲಿ ಜನಿಸಿದರು. ಅವರ ಮನೆಮಾತು ಕನ್ನಡವಾಗಿರಲಿಲ್ಲ. ಆದರೆ ಅವರು ಬೆಳೆದ ಊರು, ಸಿದ್ಧರಾಮನ ಸೊನ್ನಲಿಗೆ, ಅಂದೂ ಇಂದಿನಂತೆಯೇ ಹಲವು ನುಡಿಗಳ ಊರು. ಗಿರಣಿಯ ಸೀಟಿ ಕೂಗಿದಾಗ ಬೀದಿಗೆ ಬರುತ್ತಿದ್ದ ಜನ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕನ್ನೂ ಆಡುತ್ತಿದ್ದರು. ಪಕ್ಕದ ಮನೆಯವರ ಮಾತು ಬೇರೆಯಾದರೂ ಬಾಳು ಒಂದೇ ಎಂಬುದನ್ನು ಇಂಥ ಊರಿನ ಮಗು ಪುಸ್ತಕವಿಲ್ಲದೆಯೇ ಕಲಿಯುತ್ತದೆ.

ಅವರ ಬಾಲ್ಯದ ಕಾಲಕ್ಕೆ ಛಾಯಾಚಿತ್ರ ಎಂದರೆ ನಿಂತು ತೆಗೆಸಿಕೊಳ್ಳುವ ಚಿತ್ರವೇ. ಕ್ಯಾಮರಾ ದೊಡ್ಡದು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕಾದದ್ದು. ಬೆಳಕನ್ನು ಹಿಡಿಯುತ್ತಿದ್ದುದು ಗಾಜಿನ ತಟ್ಟೆ. ಸ್ಟುಡಿಯೋದ ಮಂದ ಬೆಳಕಿನಲ್ಲಿ ಸ್ವಲ್ಪ ಅಲುಗಾಡಿದರೂ ಮುಖ ಮಸುಕಾಗುತ್ತಿತ್ತು. ನಮ್ಮ ಮನೆಗಳ ಹಳೆಯ ಚಿತ್ರಗಳಲ್ಲಿ ಮುತ್ತಜ್ಜ, ಮುತ್ತಜ್ಜಿಯರು ನಗದೆ ಕುಳಿತಿರುವುದಕ್ಕೆ ಅವರ ಸ್ವಭಾವ ಕಾರಣವಲ್ಲ. ಆ ಯಂತ್ರ ಬೇಡುತ್ತಿದ್ದ ಸ್ಥಿರತೆ, ಜೀವಮಾನದಲ್ಲಿ ಒಂದೆರಡು ಬಾರಿ ಮಾತ್ರ ಬರುತ್ತಿದ್ದ ಆ ಸಂದರ್ಭದ ಗಾಂಭೀರ್ಯ, ಇವೇ ಕಾರಣ. 1925ರಲ್ಲಿ ಲೈಕಾ ಎಂಬ ಕೈಯಲ್ಲಿ ಹಿಡಿಯುವ ಚಿಕ್ಕ ಕ್ಯಾಮರಾ ಮಾರುಕಟ್ಟೆಗೆ ಬಂದಿತು. ಸುರುಳಿ ಫಿಲ್ಮು, ವೇಗದ ಮಸೂರಗಳು ಬಂದಮೇಲೆ ಛಾಯಾಗ್ರಾಹಕನು ಜನರ ನಡುವೆ ನಡೆದಾಡುತ್ತ, ಅವರಿಗೆ ಅರಿವಾಗುವ ಮೊದಲೇ ಅವರ ಬದುಕಿನ ಒಂದು ಕ್ಷಣವನ್ನು ಹಿಡಿಯುವುದು ಸಾಧ್ಯವಾಯಿತು. ಕೋಟ್ನಿಸ್ ಅವರು ಯುವಕರಾದದ್ದು ಈ ಬದಲಾವಣೆಯ ಕಾಲದಲ್ಲಿ.

ಅವರು ಮುಂಬಯಿಯ ಸೇಠ ಜಿ.ಎಸ್. ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಓದಿ ವೈದ್ಯರಾದರು. ಉನ್ನತ ವ್ಯಾಸಂಗದ ಸಿದ್ಧತೆಯಲ್ಲಿದ್ದಾಗ ದೇಶದ ಮುಂದೆ ಒಂದು ಕರೆ ಬಂದಿತು. 1937ರಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಪ್ರಮಾಣದ ಯುದ್ಧ ಹೂಡಿತ್ತು. ಚೀನಾದ ಸೇನಾನಿ ಜೂ ದೆ ಅವರು ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದು ವೈದ್ಯರ ನೆರವನ್ನು ಕೋರಿದರು. 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸ್ ಅವರು ಜನರಲ್ಲಿ ಮನವಿ ಮಾಡಿ ಹಣ ಸಂಗ್ರಹಿಸಿದರು. ಸ್ವತಃ ಪರಾಧೀನವಾಗಿದ್ದ ದೇಶವೊಂದು ಇನ್ನೊಂದು ದೇಶದ ಗಾಯಾಳುಗಳಿಗಾಗಿ ಐವರು ವೈದ್ಯರನ್ನು ಕಳುಹಿಸಲು ನಿರ್ಧರಿಸಿತು. ಅಲಹಾಬಾದಿನ ಡಾ. ಅಟಲ್ ನಾಯಕರು, ನಾಗಪುರದ ಡಾ. ಚೋಳಕರ, ಕಲಕತ್ತೆಯ ಡಾ. ಬಸು ಮತ್ತು ಡಾ. ಮುಖರ್ಜಿ, ಸೊಲ್ಲಾಪುರದ ಡಾ. ಕೋಟ್ನಿಸ್ ಉಳಿದ ನಾಲ್ವರು. 1938ರ ಸೆಪ್ಟೆಂಬರ್ 1ರಂದು ಅವರ ಹಡಗು ಮುಂಬಯಿಯನ್ನು ಬಿಟ್ಟಿತು. ಕೋಟ್ನಿಸ್ ಅವರಿಗೆ ಆಗ ಇನ್ನೂ 28 ತುಂಬಿರಲಿಲ್ಲ.

ಅವರು ಹೋದ ನಾಡು ಆ ದಿನಗಳಲ್ಲಿ ಜಗತ್ತಿನ ಛಾಯಾಗ್ರಾಹಕರ ಕಣ್ಣು ನೆಟ್ಟಿದ್ದ ನಾಡೂ ಆಗಿತ್ತು. ಸ್ಪೇನಿನ ಯುದ್ಧದ ಚಿತ್ರಗಳಿಂದ ಪ್ರಸಿದ್ಧನಾದ ರಾಬರ್ಟ್ ಕಾಪಾ ಅದೇ 1938ರಲ್ಲಿ ಚೀನಾದಲ್ಲಿದ್ದನು. ಸ್ಪೇನಿನಲ್ಲಿ ಗುಂಡು ತಗುಲಿ ಬೀಳುತ್ತಿರುವ ಸೈನಿಕನೊಬ್ಬನ ಅವನ 1936ರ ಚಿತ್ರ ಜಗತ್ಪ್ರಸಿದ್ಧ. ಅದು ನಿಜವಾಗಿಯೂ ಆ ಕ್ಷಣದಲ್ಲಿ ಸಿಕ್ಕ ಚಿತ್ರವೇ, ಇಲ್ಲವೇ ಕ್ಯಾಮರಾಕ್ಕಾಗಿ ನಟಿಸಿದ್ದೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಹಾಲೆಂಡಿನ ಸಾಕ್ಷ್ಯಚಿತ್ರಕಾರ ಯೋರಿಸ್ ಇವೆನ್ಸ್ ಕೂಡ ಆಗ ಚೀನಾದಲ್ಲಿದ್ದು, ಹಿಂತಿರುಗುವ ಮುನ್ನ ತನ್ನ ಚಲನಚಿತ್ರ ಕ್ಯಾಮರಾವೊಂದನ್ನು ಚೀನೀ ಛಾಯಾಗ್ರಾಹಕ ವೂ ಯಿನ್‌ಷಿಯನ್ ಅವರಿಗೆ ಕೊಟ್ಟು ಹೋದನು.

ನಮ್ಮ ವೈದ್ಯರು ಕ್ಯಾಂಟನ್, ವೂಹಾನ್, ಚೋಂಗ್‌ಚಿಂಗ್ ನಗರಗಳನ್ನು ಹಾದು ಮುಂದುವರಿದರು. ಚೋಂಗ್‌ಚಿಂಗ್‌ನಲ್ಲಿ ಅವರಿಗೆ ಚೀನೀ ಹೆಸರುಗಳು ದೊರೆತವು. ಚೀನಾ ಎಂಬ ಅರ್ಥದ ಹುವಾ ಎಂಬ ಅಕ್ಷರ ಐವರ ಹೆಸರಿಗೂ ಸೇರಿತು. ಕೋಟ್ನಿಸ್ ಅವರು ಕೆ ದಿಹುವಾ ಆದರು. ಅಲ್ಲಿರುವಾಗಲೇ ಸೊಲ್ಲಾಪುರದಿಂದ ತಂದೆಯ ಮರಣದ ಸುದ್ದಿ ತಲುಪಿತು. ಹಿಂತಿರುಗುವ ಅವಕಾಶವಿದ್ದರೂ ಅವರು ಹಿಂತಿರುಗಲಿಲ್ಲ. 1939ರ ಫೆಬ್ರವರಿ 12ರಂದು ತಂಡ ಯಾನಾನ್ ನಗರವನ್ನು ತಲುಪಿತು. ಆ ತರುವಾಯ ಮಾವೋ ಅವರೊಂದಿಗೆ ಭಾರತೀಯ ವೈದ್ಯರು ನಿಂತಿರುವ ಚಿತ್ರವನ್ನು ನಾವು ಅನೇಕ ಪುಸ್ತಕಗಳಲ್ಲಿ ಕಾಣುತ್ತೇವೆ.

ಆ ಚಿತ್ರ ನಮ್ಮ ಶಾಲೆಯ ಸಮೂಹ ಚಿತ್ರದಂಥದ್ದೇ. ಎಲ್ಲರೂ ಸಾಲಾಗಿ ನಿಂತಿದ್ದಾರೆ. ಕ್ಯಾಮರಾ ಇದೆ ಎಂಬುದು ಎಲ್ಲರಿಗೂ ತಿಳಿದಿದೆ. ಇಂಥ ಚಿತ್ರವನ್ನು ಸುಳ್ಳು ಎಂದು ತಳ್ಳಿಹಾಕುವುದು ಸರಿಯಲ್ಲ. ಯಾರು ಬಂದಿದ್ದರು, ಯಾರು ಅವರನ್ನು ಬರಮಾಡಿಕೊಂಡರು ಎಂಬುದಕ್ಕೆ ಅದು ಸಾಕ್ಷಿ. ನಿಂತವರು ತಮ್ಮ ಇಚ್ಛೆಯಿಂದ ನಿಂತಿದ್ದಾರೆ. ಮುಂದಿನವರು ತಮ್ಮನ್ನು ಹೀಗೆ ಕಾಣಲಿ ಎಂದು ಬಯಸಿದ್ದಾರೆ. ಆದರೆ ತಂದೆಯನ್ನು ಕಳೆದುಕೊಂಡು ಕೆಲವೇ ವಾರಗಳಾದ ಮಗನ ದುಃಖ ಅಂಥ ಚಿತ್ರದಲ್ಲಿ ಕಾಣುವುದಿಲ್ಲ. ಸಾಲಿನಲ್ಲಿ ನಿಂತ ಚಿತ್ರ ಹಾಜರಿಯನ್ನು ಹೇಳುತ್ತದೆ, ಒಳಗನ್ನು ಹೇಳುವುದಿಲ್ಲ.

ಮುಂದೆ ತಂಡದವರು ಒಬ್ಬೊಬ್ಬರಾಗಿ ಹಿಂತಿರುಗಿದರು. ಕೋಟ್ನಿಸ್ ಮತ್ತು ಬಸು ಉಳಿದು, ಯಾನಾನ್ ಬಿಟ್ಟು ಯುದ್ಧಭೂಮಿಯ ಕಡೆ ನಡೆದರು. ಶಾನ್‌ಷಿ ಮತ್ತು ಹೆಬೆಯ್ ಪ್ರಾಂತಗಳ ಗುಡ್ಡಗಾಡಿನಲ್ಲಿ, ಜಪಾನೀ ಸೇನೆಯ ಸುತ್ತುವರಿಕೆಯ ನಡುವೆ, ಎಂಟನೆಯ ಮಾರ್ಗದ ಸೇನೆಯ ಗಾಯಾಳುಗಳಿಗೆ ಚಿಕಿತ್ಸೆ ನೀಡುವುದು ಅವರ ಕೆಲಸವಾಯಿತು. ಬಸು ಅವರು ಯಾನಾನ್‌ಗೆ ಮರಳಿದ ಮೇಲೆ ಆ ಗುಡ್ಡಗಳಲ್ಲಿ ಉಳಿದ ಭಾರತೀಯ ವೈದ್ಯರು ಕೋಟ್ನಿಸ್ ಒಬ್ಬರೇ. 1940ರ ದೊಡ್ಡ ಕಾಳಗಗಳ ವೇಳೆ ಅವರು 800ಕ್ಕೂ ಹೆಚ್ಚು ಗಾಯಾಳುಗಳನ್ನು ನೋಡಿಕೊಂಡರೆಂದೂ, ಒಮ್ಮೆ 72 ಗಂಟೆಗಳ ಕಾಲ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರೆಂದೂ ಅವರ ಜೀವನ ಬರೆದವರು ದಾಖಲಿಸಿದ್ದಾರೆ.

ಆ ಗುಡ್ಡಗಾಡಿನ ಸೇನೆಯಲ್ಲಿ ಶಾ ಫೆಯ್ ಎಂಬ ಛಾಯಾಗ್ರಾಹಕರಿದ್ದರು. ಕೋಟ್ನಿಸ್ ಅವರಿಗಿಂತ ಎರಡು ವರ್ಷ ಕಿರಿಯರು. 1936ರ ಅಕ್ಟೋಬರ್ 8ರಂದು ಶಾಂಘೈ ನಗರದ ಒಂದು ಕಲಾಪ್ರದರ್ಶನದಲ್ಲಿ, ಚೀನಾದ ಹಿರಿಯ ಲೇಖಕ ಲೂ ಷುನ್ ಅವರು ತರುಣ ಕಲಾವಿದರೊಂದಿಗೆ ಮಾತಿನಲ್ಲಿ ಮೈಮರೆತಿದ್ದಾಗ ಶಾ ಫೆಯ್ ಅವರ ಚಿತ್ರಗಳನ್ನು ತೆಗೆದರು. ಅದಾದ 11 ದಿನಗಳಿಗೆ ಲೂ ಷುನ್ ತೀರಿಕೊಂಡರು. ರೋಗದಿಂದ ಬಡವಾದ ದೇಹ, ಬೆರಳ ನಡುವಿನ ಸಿಗರೇಟು, ಆದರೂ ಆರದ ಲವಲವಿಕೆ ಆ ಚಿತ್ರಗಳಲ್ಲಿ ಉಳಿದವು. ಅದೇ ಕಣ್ಣನ್ನು ಅವರು ಯುದ್ಧದ ಗುಡ್ಡಗಳಿಗೆ ತಂದರು. 1942ರ ಜುಲೈ ತಿಂಗಳಿನಲ್ಲಿ ಅವರ ನೇತೃತ್ವದಲ್ಲಿ ಅಲ್ಲಿಂದ ಒಂದು ಸಚಿತ್ರ ಪತ್ರಿಕೆಯೂ ಹೊರಬಂದಿತು. ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿ ಸೂರ್ಯನ ಬೆಳಕನ್ನೇ ಬಳಸಿ ಚಿತ್ರಗಳನ್ನು ಮುದ್ರಿಸಿಕೊಳ್ಳಬೇಕಿತ್ತು. ಫಿಲ್ಮು ದುರ್ಲಭವಾಗಿದ್ದುದರಿಂದ ಒಂದೊಂದು ಚಿತ್ರವನ್ನೂ ಯೋಚಿಸಿ ತೆಗೆಯಬೇಕಿತ್ತು. ಕೋಟ್ನಿಸ್ ಅವರೂ ಈ ಛಾಯಾಗ್ರಾಹಕರ ಕ್ಯಾಮರಾದಲ್ಲಿ ಸೆರೆಯಾದರು.

ಕೋಟ್ನಿಸ್ ಅವರಿಗಿಂತ ಮೊದಲು ಅದೇ ಪ್ರದೇಶದಲ್ಲಿ ಕೆನಡಾದ ವೈದ್ಯ ನಾರ್ಮನ್ ಬೆಥ್ಯೂನ್ ದುಡಿದಿದ್ದರು. 1939ರ ಅಕ್ಟೋಬರ್ ತಿಂಗಳಿನಲ್ಲಿ ಹಳ್ಳಿಯೊಂದರ ಪುಟ್ಟ ಗುಡಿಯಲ್ಲಿ ಅವರು ಬಾಗಿ ಶಸ್ತ್ರಚಿಕಿತ್ಸೆ ಮಾಡುತ್ತಿರುವ ಚಿತ್ರ ವೂ ಯಿನ್‌ಷಿಯನ್ ತೆಗೆದದ್ದೆಂದು ಪ್ರಸಿದ್ಧವಾಗಿದೆ. ಆ ಚಿತ್ರದಲ್ಲಿ ವೈದ್ಯನು ನಮ್ಮತ್ತ ನೋಡುವುದಿಲ್ಲ. ಅವನ ಗಮನವೆಲ್ಲ ರೋಗಿಯ ಮೇಲಿದೆ. ಮರುತಿಂಗಳು, ನವೆಂಬರ್ 12ರಂದು, ಶಸ್ತ್ರಚಿಕಿತ್ಸೆಯಲ್ಲಿ ಆದ ಬೆರಳ ಗಾಯ ನಂಜೇರಿ ಬೆಥ್ಯೂನ್ ತೀರಿಕೊಂಡರು. ತಮ್ಮ ಕ್ಯಾಮರಾ ಶಾ ಫೆಯ್ ಅವರಿಗೆ ಸೇರಲಿ ಎಂದು ಅವರು ಬರೆದಿಟ್ಟಿದ್ದರು. ಬೆಥ್ಯೂನ್ ಅವರ ಹೆಸರಿನ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರ ಜನವರಿಯಲ್ಲಿ ಕೋಟ್ನಿಸ್ ನಿರ್ದೇಶಕರಾದರು.

ಆಸ್ಪತ್ರೆ ಎಂದಾಗ ನಾವು ದೊಡ್ಡ ಕಟ್ಟಡವನ್ನು ಊಹಿಸಬಾರದು. ಹಳ್ಳಿಯ ಮನೆಗಳೇ ವಾರ್ಡುಗಳು. ಶತ್ರು ಸಮೀಪಿಸಿದರೆ ರೋಗಿಗಳನ್ನು ಹೊತ್ತು ಗುಡ್ಡ ಏರಬೇಕು. ಅದರ ಜೊತೆಗೇ ವೈದ್ಯಕೀಯ ಶಾಲೆಯೂ ನಡೆಯುತ್ತಿತ್ತು. ಕನ್ನಡ ಮಾಧ್ಯಮದಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇಲ್ಲಿದೆ. ಇಂಗ್ಲಿಷಿನಲ್ಲಿ ವೈದ್ಯಶಾಸ್ತ್ರ ಓದಿದ ಕೋಟ್ನಿಸ್, ತಮ್ಮ ವಿದ್ಯಾರ್ಥಿಗಳು ಇಂಗ್ಲಿಷ್ ಕಲಿತು ಬರಲಿ ಎಂದು ಕಾಯಲಿಲ್ಲ. ತಾವೇ ಚೀನೀ ಭಾಷೆಯನ್ನು ಮಾತನಾಡಲೂ ಓದಲೂ ಬರೆಯಲೂ ಕಲಿತು, ಅದರಲ್ಲಿಯೇ ಪಾಠ ಹೇಳಿದರು. ಶಸ್ತ್ರಚಿಕಿತ್ಸೆಯ ಪಠ್ಯವನ್ನು ಬರೆಯತೊಡಗಿದರು. ವಿದ್ಯೆ ರೋಗಿಯ ನುಡಿಗೆ ಇಳಿದು ಬರಬೇಕು ಎಂಬುದನ್ನು ಅವರು ಭಾಷಣದಲ್ಲಿ ಹೇಳದೆ ದಿನದಿನದ ದುಡಿಮೆಯಲ್ಲಿ ತೋರಿಸಿದರು.

ಅಲ್ಲಿನ ಶುಶ್ರೂಷಾ ಶಿಕ್ಷಕಿ ಗುವೊ ಚಿಂಗ್‌ಲಾನ್ ಅವರನ್ನು ಕೋಟ್ನಿಸ್ 1941ರ ನವೆಂಬರ್ ತಿಂಗಳಿನಲ್ಲಿ ವಿವಾಹವಾದರು. 1942ರ ಆಗಸ್ಟ್ 23ರಂದು ಗಂಡುಮಗು ಹುಟ್ಟಿತು. ಸೇನಾಧಿಪತಿ ನಿಯೆ ರೊಂಗ್‌ಜೆನ್ ಅವರು ಮಗುವಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ.

ಆದರೆ ಈ ವರ್ಷಗಳಲ್ಲಿ ಕೋಟ್ನಿಸ್ ಅವರಿಗೆ ಅಪಸ್ಮಾರ, ಅಂದರೆ ನಮ್ಮ ಕಡೆ ಮೂರ್ಛೆರೋಗ ಎನ್ನುವ ಕಾಯಿಲೆ, ಅಂಟಿಕೊಂಡಿತ್ತು. ಫಿಟ್ಸ್ ಮರುಕಳಿಸುತ್ತಿದ್ದವು. ಆ ಪ್ರದೇಶ ಬಿಟ್ಟು ಹೋಗಿ ಚಿಕಿತ್ಸೆ ಪಡೆಯುವಂತೆ ಮೇಲಿನವರು ಸೂಚಿಸಿದರೂ ಅವರು ಆಸ್ಪತ್ರೆಯನ್ನು ಬಿಟ್ಟು ಹೋಗಲಿಲ್ಲ. 1942ರ ಡಿಸೆಂಬರ್ 8ರ ರಾತ್ರಿ ಫಿಟ್ಸ್ ತೀವ್ರವಾದವು. 9ರ ಬೆಳಗ್ಗೆ ಅವರು ತೀರಿಕೊಂಡರು. ವಯಸ್ಸು 32. ಮಗು ಮೂರೂವರೆ ತಿಂಗಳಿನದು. ಶಸ್ತ್ರಚಿಕಿತ್ಸೆಯ ಪುಸ್ತಕ ಅರ್ಧದಲ್ಲಿ ನಿಂತಿತು.

ಇಲ್ಲಿಂದ ಮುಂದಿನದು ಅವರ ಚಿತ್ರದ ಕಥೆ. ಬಸು ಅವರು 1943ರಲ್ಲಿ ಭಾರತಕ್ಕೆ ಮರಳಿದರು. ಖ್ವಾಜಾ ಅಹ್ಮದ್ ಅಬ್ಬಾಸ್ ಅವರು 1944ರಲ್ಲಿ ಈ ವೈದ್ಯರ ಕಥೆಯನ್ನು ಪುಸ್ತಕವಾಗಿ ಬರೆದರು. 1946ರಲ್ಲಿ ವಿ. ಶಾಂತಾರಾಮ್ ಅವರು ಡಾ. ಕೋಟ್ನಿಸ್ ಕೀ ಅಮರ್ ಕಹಾನೀ ಎಂಬ ಚಲನಚಿತ್ರವನ್ನು ತೆರೆಗೆ ತಂದರು. ಶಾಂತಾರಾಮ್ ತಾವೇ ಕೋಟ್ನಿಸ್ ಆದರು. ನಟಿ ಜಯಶ್ರೀ ಚೀನೀ ಪತ್ನಿಯಾದರು. ಆ ಚಿತ್ರವನ್ನು ಕಂಡ ಲಕ್ಷಾಂತರ ಭಾರತೀಯರ ಮನಸ್ಸಿನಲ್ಲಿ ಕೋಟ್ನಿಸ್ ಎಂದರೆ ಶಾಂತಾರಾಮ್ ಅವರ ಮುಖವೇ ಆಯಿತು. ನಮ್ಮ ಊರಿನ ಹೆಸರನ್ನು ದೇಶದ ಮೂಲೆ ಮೂಲೆಗೆ ಒಯ್ದ ಆ ಚಿತ್ರಕ್ಕೆ ನಾವು ಋಣಿಗಳು. ಅದು ಇಲ್ಲದಿದ್ದರೆ ಈ ವೈದ್ಯರ ನೆನಪು ಇಷ್ಟು ದೂರ ಬರುತ್ತಿತ್ತೋ ಇಲ್ಲವೋ ಹೇಳಲಾಗದು.

ಆದರೂ ಒಂದು ಮಾತನ್ನು ಹೇಳಲೇಬೇಕು. ಚಲನಚಿತ್ರದಲ್ಲಿ ಕೋಟ್ನಿಸ್ ಪ್ಲೇಗನ್ನು ಎದುರಿಸುತ್ತಾರೆ, ಜಪಾನೀಯರ ಸೆರೆಗೆ ಸಿಕ್ಕಿ ಪಾರಾಗುತ್ತಾರೆ, ಕಡೆಗೆ ಅದೇ ಪ್ಲೇಗಿಗೆ ಬಲಿಯಾಗುತ್ತಾರೆ. ನಿಜದಲ್ಲಿ ಅವರನ್ನು ಕೊಂದದ್ದು ಪ್ಲೇಗಲ್ಲ, ಅಪಸ್ಮಾರ. ಚಲನಚಿತ್ರ ಕಥೆಯೇ ಹೊರತು ದಾಖಲೆಯಲ್ಲ. ಅದಕ್ಕೆ ತನ್ನದೇ ಸ್ವಾತಂತ್ರ್ಯ ಉಂಟು. ಕಾರಣ ಏನೇ ಇರಲಿ, ನೋಡುವ ನಮ್ಮ ಮೇಲೆ ಅದರ ಪರಿಣಾಮ ಇದು: ಸಾಂಕ್ರಾಮಿಕ ರೋಗದೊಡನೆ ಹೋರಾಡಿ ಸತ್ತ ವೈದ್ಯ ನಮಗೆ ವೀರನಾಗಿ ಕಾಣುತ್ತಾನೆ, ಫಿಟ್ಸ್ ಬಂದು ಸತ್ತ ವೈದ್ಯನ ಬಗ್ಗೆ ನಾವು ದನಿ ತಗ್ಗಿಸಿ ಮಾತನಾಡುತ್ತೇವೆ.

ಇದು ಬರಿಯ ಇತಿಹಾಸದ ಮಾತಲ್ಲ. ಮೂರ್ಛೆರೋಗವಿರುವ ಮಕ್ಕಳು ಯಾವ ಊರಿನಲ್ಲೂ ಇರುತ್ತಾರೆ. ಅದನ್ನು ಶಾಲೆಗೆ ತಿಳಿಸದೆ ಮುಚ್ಚಿಡುವ ಪಾಲಕರು ಇದ್ದಾರೆ. ಮದುವೆಯ ಮಾತು ಬಂದಾಗ ಮರೆಮಾಚುವ ಮನೆಗಳಿವೆ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವ, ಚಪ್ಪಲಿ ಮೂಸಿಸುವ ತಪ್ಪು ರೂಢಿಗಳೂ ಪೂರ್ತಿ ಹೋಗಿಲ್ಲ. ಮಾಡಬೇಕಾದದ್ದು ಸರಳ: ಪಕ್ಕಕ್ಕೆ ಮಲಗಿಸುವುದು, ಬಾಯಿಗೆ ಏನನ್ನೂ ತುರುಕದಿರುವುದು, ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸುವುದು, ಐದು ನಿಮಿಷ ದಾಟಿದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯುವುದು. ಇಂದು ಔಷಧ ತಪ್ಪದೆ ತೆಗೆದುಕೊಂಡರೆ ಹೆಚ್ಚಿನವರಲ್ಲಿ ಈ ರೋಗ ಹತೋಟಿಗೆ ಬರುತ್ತದೆ. ಅಂಥ ಮಗುವಿನ ಮುಂದೆ, ಈ ಊರಿನ ಅತಿ ಪ್ರಸಿದ್ಧ ವೈದ್ಯರಿಗೂ ಇದೇ ಕಾಯಿಲೆ ಇತ್ತು, ಅದರ ನಡುವೆಯೇ ಅವರು ಆಸ್ಪತ್ರೆಯನ್ನು ನಡೆಸಿದರು, ಪಾಠ ಹೇಳಿದರು, ಪುಸ್ತಕ ಬರೆದರು ಎಂದು ನಾವು ಹೇಳಬಲ್ಲೆವು. ಪ್ಲೇಗಿನ ಕಥೆ ಆ ಮಗುವಿಗೆ ಏನನ್ನೂ ಕೊಡದು. ನಿಜ ಸಂಗತಿ ಅದಕ್ಕೆ ತಲೆ ಎತ್ತುವ ಧೈರ್ಯ ಕೊಡುತ್ತದೆ. ಜೊತೆಗೆ, ಚಿಕಿತ್ಸೆಯನ್ನು ಮುಂದೂಡಿದ್ದರಿಂದ ಆ ಬಾಳು 32ಕ್ಕೇ ಮುಗಿದಿರಬಹುದೆಂಬ ಎಚ್ಚರವನ್ನೂ ಕೊಡುತ್ತದೆ.

ಕೋಟ್ನಿಸ್ ಅವರ ಸಮಾಧಿ ಈಗ ಚೀನಾದ ಶಿಜಿಯಾಜುವಾಂಗ್ ನಗರದ ಹುತಾತ್ಮರ ಸ್ಮಾರಕೋದ್ಯಾನದಲ್ಲಿದೆ. ಬೆಥ್ಯೂನ್ ಅವರ ಸಮಾಧಿಯೂ ಅಲ್ಲಿಯೇ ಇದೆ. ಚೀನಾ 1982ರಲ್ಲಿ, ಭಾರತ 1993ರಲ್ಲಿ ಅವರ ಅಂಚೆಚೀಟಿಗಳನ್ನು ಹೊರತಂದವು. ಮಗ ಯಿನ್‌ಹುವಾ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗಲೇ ತೀರಿಕೊಂಡನು. ಪತ್ನಿ ಗುವೊ ಚಿಂಗ್‌ಲಾನ್ ಹಲವು ಸಲ ಭಾರತಕ್ಕೆ ಬಂದು ಗಂಡನ ಬಂಧುಗಳೊಂದಿಗೆ ನಂಟು ಉಳಿಸಿಕೊಂಡರು, 2012ರಲ್ಲಿ ಕಾಲವಾದರು. ಪ್ರತಿಮೆ, ಅಂಚೆಚೀಟಿ, ಸ್ಮಾರಕ ಇವೆಲ್ಲವೂ ಸಾಲಿನಲ್ಲಿ ನಿಂತ ಚಿತ್ರಗಳ ಜಾತಿಯವು. ಅವು ಗೌರವಕ್ಕೆ ಬೇಕು. ಆದರೆ ಅವುಗಳ ಪಕ್ಕದಲ್ಲಿ ಇನ್ನೊಂದು ಚಿತ್ರವೂ ನಮ್ಮ ಮನಸ್ಸಿನಲ್ಲಿರಬೇಕು. ಕ್ಯಾಮರಾದತ್ತ ನೋಡಲು ಬಿಡುವಿಲ್ಲದೆ ರೋಗಿಯ ಮೇಲೆ ಬಾಗಿದ, ದಣಿದ, ತಾನೇ ರೋಗಿಯಾದ ಒಬ್ಬ ತರುಣನ ಚಿತ್ರ.

ಈಗ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಕ್ಯಾಮರಾ ಇದೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜದ ಮುಂದೆ ಮಕ್ಕಳನ್ನು ನಿಲ್ಲಿಸಿ ಚಿತ್ರ ತೆಗೆಯುತ್ತೇವೆ; ಅಕ್ಕಲಕೋಟಕ್ಕೆ ಹೋದಾಗಲೂ ಹಾಗೆಯೇ. ತೆಗೆಯೋಣ, ತಪ್ಪೇನೂ ಇಲ್ಲ. ಆದರೆ ಅಜ್ಜಿ ರೊಟ್ಟಿ ತಟ್ಟುವಾಗ, ಅಪ್ಪ ಮಗ್ಗದ ಮುಂದೆ ಕುಳಿತಾಗ, ಮಗು ಕನ್ನಡ ಪುಸ್ತಕದ ಮೇಲೆ ಬಗ್ಗಿ ಅಕ್ಷರ ಕೂಡಿಸಿ ಓದುವಾಗಲೂ ಒಂದು ಚಿತ್ರ ತೆಗೆಯೋಣ. ಅವರ ಮನಸ್ಸಿಗೆ ನೋವಾಗದಂತೆ, ತೆಗೆದ ಮೇಲೆ ಅವರಿಗೆ ತೋರಿಸಿ ಒಪ್ಪಿಗೆ ಪಡೆದು ಇಟ್ಟುಕೊಳ್ಳೋಣ. ಹಿಂಬದಿಯಲ್ಲಿ ದಿನಾಂಕ, ಊರು, ಹೆಸರುಗಳನ್ನು ಕನ್ನಡದಲ್ಲಿ ಬರೆದಿಡೋಣ. ನಾಳೆ ಈ ಗಡಿನಾಡಿನ ಕನ್ನಡಿಗರು ಹೇಗೆ ಬದುಕಿದರು ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ಎರಡೂ ಬಗೆಯ ಚಿತ್ರಗಳು ಬೇಕು.

ಅಕ್ಟೋಬರ್ 10 ಕೋಟ್ನಿಸ್ ಅವರ ಜನ್ಮದಿನ, ಡಿಸೆಂಬರ್ 9 ಪುಣ್ಯದಿನ. ಈ ಎರಡರಲ್ಲಿ ಒಂದು ದಿನವಾದರೂ ಪಾಲಕರು ಮಕ್ಕಳನ್ನು ಭೈಯಾ ಚೌಕದ ಸ್ಮಾರಕಕ್ಕೆ ಕರೆದೊಯ್ಯಲಿ, ಅಲ್ಲಿಯ ಚಿತ್ರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಲಿ. ಈ ಚಿತ್ರದಲ್ಲಿರುವವರಿಗೆ ಕ್ಯಾಮರಾ ಇರುವುದು ಗೊತ್ತಿತ್ತೇ ಇಲ್ಲವೇ ಎಂದು ಕೇಳಲಿ. ಮಕ್ಕಳು ಉತ್ತರ ಹುಡುಕುತ್ತ ಆ ವೈದ್ಯರ ಮುಖವನ್ನು ನಿಜವಾಗಿ ನೋಡುತ್ತಾರೆ ಎಂಬ ನಂಬಿಕೆ ನಮ್ಮದು.